ಹಾಡು ನಡುವ ಯಾಕ ಕಟ್ ಆಗ್ತದ?

ರಾಜ್ಯೋತ್ಸವ ಇರಲಿ, ಬಸವ ಜಯಂತಿ ಇರಲಿ, ಫ್ರೆಶರ್ಸ್ ಡೇ ಇರಲಿ, ನಮ್ಮ ಕಡೆ ಕಾಲೇಜು ಕಾರ್ಯಕ್ರಮ ಅಂದಮೇಲೆ ಒಂದು ಸಲ ಆದರೂ ಹಾಡು ನಡುವೆ ನಿಲ್ಲಲೇಬೇಕು. ವೇದಿಕೆ ಮೇಲೆ ಎಂಟು ಜನ ಕೈ ಎತ್ತಿ ನಿಂತಿರ್ತಾರೆ, ಪಲ್ಲವಿ ಮುಗಿದು ಚರಣ ಶುರುವಾಗೋ ಹೊತ್ತಿಗೆ ಲ್ಯಾಪ್‌ಟಾಪ್ ‘ಟರ್ರ್’ ಅಂತದೆ. ಹಿಂದಿನ ಸಾಲಿನಿಂದ ಸೀಟಿ. “ಲ್ಯಾಪ್‌ಟಾಪ್ ಬದಲಿ ಮಾಡ್ರೋ”, “ವೈರಸ್ ಹೊಕ್ಕದ”, “ರ‍್ಯಾಮ್ ಕಡಿಮಿ ಅದ” ಅಂತ ಹತ್ತು ಜನ ಹತ್ತು ಕಾರಣ ಹೇಳ್ತಾರೆ. ಆ ಹತ್ತರಲ್ಲಿ ಒಂದು ಖರೇನೂ ಇರಬಹುದು. ಯಾವುದು ಅಂತ ಪತ್ತೆ ಹಚ್ಚೋ ಗೋಜಿಗೆ ಮಾತ್ರ ಯಾರೂ ಹೋಗೋದಿಲ್ಲ. ಪತ್ತೆ ಹಚ್ಚೋದು ಕಷ್ಟದ ಕೆಲಸ ಅಲ್ಲ, ಕಿವಿ ಮತ್ತು ಒಂದಿಷ್ಟು ಕ್ರಮ ಇದ್ದರೆ ಸಾಕು. ನಾವೆಲ್ಲ ಆಪರೇಟಿಂಗ್ ಸಿಸ್ಟಂ ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದು ಮರೆತ ಒಂದು ಪಾಠವೇ ಇಲ್ಲಿ ಉಪಯೋಗಕ್ಕೆ ಬರ್ತದೆ.

ಮೊದಲು ಹಾಡು ಕಂಪ್ಯೂಟರಿನಿಂದ ಹೊರಗೆ ಬರೋದು ಹೇಗೆ ಅನ್ನೋದನ್ನ ನೋಡೋಣ. ಸಿಡಿ ಗುಣಮಟ್ಟದ ಹಾಡಿನಲ್ಲಿ ಪ್ರತಿ ಸೆಕೆಂಡಿಗೆ 44,100 ಸ್ಯಾಂಪಲ್ ಇರುತ್ತವೆ. ಎಡಕ್ಕೊಂದು, ಬಲಕ್ಕೊಂದು, ಒಂದೊಂದೂ 16 ಬಿಟ್. ಲೆಕ್ಕ ಹಾಕಿದರೆ ಸೆಕೆಂಡಿಗೆ 1,76,400 ಬೈಟ್. ಈಗಿನ ಪ್ರೊಸೆಸರಿಗೆ ಇದು ಲೆಕ್ಕಕ್ಕೇ ಇಲ್ಲದ ಕೆಲಸ. ತೊಂದರೆ ಇರೋದು ಕೆಲಸದ ಪ್ರಮಾಣದಲ್ಲಿ ಅಲ್ಲ, ಹೊತ್ತಿನಲ್ಲಿ. ಸೌಂಡ್ ಚಿಪ್ ಯಾರಿಗೂ ಕಾಯೋದಿಲ್ಲ. ತನ್ನ ಗಡಿಯಾರದ ಪ್ರಕಾರ ಒಂದಾದ ಮೇಲೊಂದು ಸ್ಯಾಂಪಲ್ ತಗೊಂಡು ಹೊರಗೆ ತಳ್ಳುತ್ತಲೇ ಇರುತ್ತದೆ. ಪ್ರೊಸೆಸರ್ ಮಾತ್ರ ನೂರು ಕೆಲಸದ ನಡುವೆ ಬಿಡುವಾದಾಗ ಬಂದು ಒಂದು ಗಂಟು ಸ್ಯಾಂಪಲ್ ಕೊಟ್ಟು ಹೋಗುತ್ತದೆ. ಇವರಿಬ್ಬರ ನಡುವೆ ಇರೋದೇ ಬಫರ್.

ಬಸವಕಲ್ಯಾಣದಲ್ಲಿ ರೂಮ್ ಮಾಡಿಕೊಂಡು ಇರೋರಿಗೆ ಬಫರ್ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಮನೆ ಮೇಲಿನ ನೀರಿನ ಟಾಕಿ ನೋಡಿದರೆ ಸಾಕು. ನಳದ ನೀರು ಬರೋದು ಅದರ ಮನಸ್ಸಿಗೆ ಬಂದಾಗ, ನಮಗೆ ನೀರು ಬೇಕಾಗೋದು ದಿನಾ. ನಡುವೆ ಟಾಕಿ ಇರೋದರಿಂದ ಬದುಕು ನಡೀತದೆ. ಟಾಕಿ ದೊಡ್ಡದಿದ್ದರೆ ನೀರು ನಾಲ್ಕು ದಿನ ತಡ ಆದರೂ ಗೊತ್ತಾಗೋದಿಲ್ಲ. ಸಣ್ಣದಿದ್ದರೆ ಒಂದು ದಿನ ತಡವಾದರೂ ತಲೆಗೆ ಸಾಬೂನು ಹಚ್ಚಿಕೊಂಡು ಕೂಗೋ ಪರಿಸ್ಥಿತಿ. ಹಾಡಿನಲ್ಲೂ ಅಷ್ಟೇ. ಬಫರ್ ಬರಿದಾದ ಕ್ಷಣ ಚಿಪ್ಪಿಗೆ ಕೊಡೋದಕ್ಕೆ ಏನೂ ಇರೋದಿಲ್ಲ. ಅದು ಸುಮ್ಮನಾಗಬಹುದು, ಇಲ್ಲವೇ ಹಳೆಯ ತುಣುಕನ್ನೇ ಮತ್ತೆ ಮತ್ತೆ ಬಾರಿಸಬಹುದು. ಮೊದಲನೆಯದು ‘ಟಪ್’ ಅಂತ ಕೇಳುತ್ತದೆ, ಎರಡನೆಯದು ‘ಟರ್ರ್‌ರ್’. ಇದಕ್ಕೆ ಅಂಡರ್‌ರನ್ ಅಂತ ಹೆಸರು. ಓಎಸ್ ಪುಸ್ತಕದ ಪ್ರೊಡ್ಯೂಸರ್-ಕನ್ಸ್ಯೂಮರ್ ಸಮಸ್ಯೆ ನೆನಪಾಯ್ತಲ್ಲ? ಅದೇ ಇದು. ಪುಸ್ತಕದಲ್ಲಿ ಕನ್ಸ್ಯೂಮರ್ ಕಾಯುತ್ತದೆ, ಇಲ್ಲಿ ಕಾಯೋದಿಲ್ಲ. ವ್ಯತ್ಯಾಸ ಅಷ್ಟೇ.

ಈ ಟಾಕಿ ಎಷ್ಟು ಸಣ್ಣದು ಅನ್ನೋದು ಗೊತ್ತಾದರೆ ಸಮಸ್ಯೆ ಅರ್ಧ ಅರ್ಥವಾದ ಹಾಗೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಸೌಂಡ್ ವ್ಯವಸ್ಥೆ ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ತುಂಬಿಸುತ್ತದೆ. 48,000 ಹರ್ಟ್ಸ್‌ನಲ್ಲಿ ಅದು 480 ಸ್ಯಾಂಪಲ್. ಪ್ಲೇಯರ್ ತನ್ನ ಕಡೆ ಇನ್ನೂ ದೊಡ್ಡ ಬಫರ್ ಇಟ್ಟುಕೊಂಡಿರಬಹುದು, ಆದರೆ ಕೊನೆಯ ಹಂತದಲ್ಲಿ ಇರೋದು ಇಷ್ಟೇ ಸಣ್ಣ ಗಿಂಡಿ. ಅಂದರೆ ಸೆಕೆಂಡಿಗೆ ನೂರು ಸಲ ಗಡುವು. ಐದು ನಿಮಿಷದ ಹಾಡಿನಲ್ಲಿ 30,000 ಗಡುವು. ಅದರಲ್ಲಿ 29,999 ಸರಿಯಾಗಿ ಮುಗಿಸಿ ಒಂದೇ ಒಂದು ತಪ್ಪಿದರೂ ಕಿವಿಗೆ ಗೊತ್ತಾಗುತ್ತದೆ. ನಮ್ಮ ಅಸೈನ್‌ಮೆಂಟ್ ಗಡುವಿನ ಹಂಗಲ್ಲ ಇದು, ಸರ್ ಹತ್ತಿರ ಹೋಗಿ ಎರಡು ದಿನ ಕೇಳೋಕೆ ಬರೋದಿಲ್ಲ.

ಇದಕ್ಕೇ ಟಾಸ್ಕ್ ಮ್ಯಾನೇಜರ್ ತೆಗೆದು “ಸಿಪಿಯು ಬರೀ 15 ಪರ್ಸೆಂಟ್ ಅದ, ಹಂಗಾರ ಪ್ರಾಬ್ಲಂ ಇಲ್ಲ” ಅನ್ನೋದು ತಪ್ಪು ಲೆಕ್ಕ. ಅಲ್ಲಿ ಕಾಣೋದು ಸರಾಸರಿ. ಹಾಡು ಕೆಡೋದು ಸರಾಸರಿಯಿಂದ ಅಲ್ಲ, ಅತ್ಯಂತ ಕೆಟ್ಟ ಒಂದು ಕ್ಷಣದಿಂದ. ಪೂರ್ತಿ ಸೆಕೆಂಡು ಸುಮ್ಮನೆ ಕೂತು ನಡುವೆ 15 ಮಿಲಿಸೆಕೆಂಡು ಮಾತ್ರ ಎಲ್ಲೋ ಸಿಕ್ಕಿಹಾಕಿಕೊಂಡ ಪ್ರೊಸೆಸರಿನ ಸರಾಸರಿ ಬಹಳ ಚೆಂದ ಕಾಣ್ತದೆ, ಹಾಡು ಮಾತ್ರ ಹರಿದುಹೋಗಿರ್ತದೆ.

ಇನ್ನು ಪತ್ತೆ ಹಚ್ಚೋ ಕೆಲಸ. ನನಗೆ ತಿಳಿದಂತೆ ಇದಕ್ಕೆ ತಂಬೂರಿಗಿಂತ ಒಳ್ಳೆಯ ಸಾಧನ ಇಲ್ಲ. ಮೊಬೈಲ್‌ನಲ್ಲೋ ನೆಟ್‌ನಲ್ಲೋ ತಂಬೂರಿ ಶ್ರುತಿಯ ಹತ್ತು ನಿಮಿಷದ ಫೈಲ್ ಬೇಕಾದಷ್ಟು ಸಿಗುತ್ತವೆ. ಒಂದನ್ನು ಇಳಿಸಿಕೊಂಡು ಇಟ್ಟುಕೊಳ್ಳಿ. ಡಿಜೆ ಹಾಡಿನಲ್ಲಿ 20 ಮಿಲಿಸೆಕೆಂಡು ಕಟ್ ಆದರೆ ಅದೂ ಒಂದು ಬೀಟ್ ಅಂತ ಕುಣಿದು ಬಿಡ್ತೀವಿ. ತಂಬೂರಿ ನಾದ ಹಾಗಲ್ಲ, ಎಡೆಬಿಡದೆ ಹರೀತಿರ್ತದೆ. ಅಲೆ ನಡುವೆ ಕತ್ತರಿಸಿದಾಗ ಆ ಕತ್ತರಿಸಿದ ಅಂಚಿನಲ್ಲಿ ಎಲ್ಲಾ ಆವರ್ತನಗಳೂ ಒಮ್ಮೆಲೇ ಎದ್ದು ‘ಟಿಕ್’ ಅಂತ ಕೇಳಿಸುತ್ತದೆ. ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನದ ಹಳೆಯ ರೆಕಾರ್ಡಿಂಗ್ ಕೆಟ್ಟ ಲ್ಯಾಪ್‌ಟಾಪಿನಲ್ಲಿ ಕೇಳಿದವರಿಗೆ ಗೊತ್ತು, ಆಲಾಪದ ನಡುವೆ ಬರೋ ಒಂದು ಟಿಕ್ ಎಷ್ಟು ಚುಚ್ಚುತ್ತದೆ ಅಂತ. ಹುಮನಾಬಾದ ಹತ್ತಿರದ ಮಾಣಿಕನಗರದ ಸಂಗೀತ ದರಬಾರದಲ್ಲಿ ಎದುರಿಗೆ ಕೂತು ಕೇಳಿ ಬಂದವರಿಗಂತೂ ಇನ್ನೂ ಜಾಸ್ತಿ.

ತಂಬೂರಿ ಹಚ್ಚಿ, ಇಯರ್‌ಫೋನ್ ಹಾಕಿಕೊಂಡು, ಒಂದು ಕಾಗದ ಪೆನ್ನು ತಗೊಂಡು ಕೂಡ್ರಿ. ಟಿಕ್ ಬಂದಾಗಲೆಲ್ಲ ಎಷ್ಟನೇ ಸೆಕೆಂಡು ಅಂತ ಬರೀರಿ. ಹತ್ತು ನಿಮಿಷ ಸಾಕು. ಆಮೇಲೆ ಅದೇ ಫೈಲನ್ನ ಎರಡನೇ ಸಲ ಹಾಡಿಸಿ ಮತ್ತೆ ಬರೀರಿ. ಈ ಎರಡು ಪಟ್ಟಿಗಳಲ್ಲೇ ಅರ್ಧ ಉತ್ತರ ಇರುತ್ತದೆ.

ಎರಡೂ ಸಲ ಅದೇ ಸೆಕೆಂಡಿಗೆ ಟಿಕ್ ಬಂತಾ? ಹಾಗಾದರೆ ದೋಷ ಫೈಲಿನಲ್ಲೇ ಇದೆ, ಇಳಿಸುವಾಗಲೋ ಕಾಪಿ ಮಾಡುವಾಗಲೋ ಕೆಟ್ಟಿದೆ. ಲ್ಯಾಪ್‌ಟಾಪಿನ ತಪ್ಪಿಲ್ಲ, ಬೇರೆ ಕಾಪಿ ತಗೊಳ್ಳಿ. ಮೊದಲ ಸಲ ನಿಂತು, ಎರಡನೇ ಸಲ ಅದೇ ಜಾಗದಲ್ಲಿ ಸರಾಗ ಹೋಯ್ತಾ? ಇದು ಸ್ವಲ್ಪ ಹುಷಾರಾಗಬೇಕಾದ ಲಕ್ಷಣ. ಒಮ್ಮೆ ಓದಿದ ಫೈಲನ್ನು ಆಪರೇಟಿಂಗ್ ಸಿಸ್ಟಂ ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ, ಎರಡನೇ ಸಲ ಡಿಸ್ಕಿಗೆ ಹೋಗೋದೇ ಇಲ್ಲ. ಅಂದರೆ ಮೊದಲ ಸಲ ಡಿಸ್ಕೋ ಪೆನ್ ಡ್ರೈವೋ ಓದಲಾರದೆ ಒದ್ದಾಡಿದೆ ಅಂತ ಅರ್ಥ. ಎರಡೂ ಸಲ ಬೇರೆ ಬೇರೆ ಜಾಗದಲ್ಲಿ, ಲೆಕ್ಕವಿಲ್ಲದ ಹಾಗೆ ಬಂತಾ? ಹಾಗಿದ್ದರೆ ಕಾರಣ ಯಂತ್ರದ ಒಳಗಿನ ಓಡಾಟದಲ್ಲಿದೆ. ಬೇರೆ ಬೇರೆ ಜಾಗ, ಆದರೆ ಸರಿಯಾಗಿ ಇಷ್ಟು ಸೆಕೆಂಡಿಗೊಮ್ಮೆ ಅನ್ನೋ ಲೆಕ್ಕ ಕಾಣ್ತಿದೆಯಾ? ಆಗ ಯಾವುದೋ ಒಂದು ಪ್ರೋಗ್ರಾಂ ಅಥವಾ ಡ್ರೈವರ್ ಗಡಿಯಾರ ಇಟ್ಟುಕೊಂಡು ಎದ್ದೇಳ್ತಾ ಇದೆ. ವೈ-ಫೈ ಕಾರ್ಡ್ ಸುತ್ತಮುತ್ತ ಯಾವ ನೆಟ್‌ವರ್ಕ್ ಇದೆ ಅಂತ ಆಗಾಗ ಹುಡುಕೋದು ಇಂಥದ್ದೇ ಒಂದು.

ನೆಟ್‌ನಿಂದ ನೇರ ಕೇಳುವಾಗಿನ ತೊಂದರೆಯನ್ನು ಬೇಗ ಮುಗಿಸಿಬಿಡೋಣ, ಯಾಕಂದ್ರೆ ಅದು ಎಲ್ಲರಿಗೂ ಗೊತ್ತಿರೋದೇ. ಹಾಡು ಪೂರ್ತಿ ನಿಂತು ಪರದೆ ಮೇಲೆ ಚಕ್ರ ತಿರುಗಿದರೆ ಅದು ನೆಟ್. ಚಕ್ರ ತಿರುಗದೆ ಬರೀ ಟಿಕ್ ಟಿಕ್ ಬಂದರೆ ಸಾಮಾನ್ಯವಾಗಿ ನೆಟ್ ಅಲ್ಲ. ಸ್ಟ್ರೀಮಿಂಗ್ ಆ್ಯಪ್‌ಗಳು ಹಲವು ಸೆಕೆಂಡುಗಳ ಹಾಡನ್ನು ಮೊದಲೇ ತುಂಬಿಕೊಂಡಿರುತ್ತವೆ, ಅದು ಖಾಲಿಯಾದಾಗ ಮಾತ್ರ ನಿಲ್ಲುತ್ತವೆ. 320 ಕೆಬಿಪಿಎಸ್ ಹಾಡಿಗೆ ಸೆಕೆಂಡಿಗೆ 40 ಕಿಲೋಬೈಟ್ ಸಾಕು, ಐದು ನಿಮಿಷಕ್ಕೆ 12 ಎಂಬಿ. ಹಾಸ್ಟೆಲ್ ವೈ-ಫೈನಲ್ಲಿ ರಾತ್ರಿ ಹತ್ತಕ್ಕೆ ಅಷ್ಟೂ ಸಿಗದೇ ಇರಬಹುದು, ಅದು ಬೇರೆ ಮಾತು. ವೇದಿಕೆ ಕಾರ್ಯಕ್ರಮಕ್ಕೆ ನೆಟ್‌ನಿಂದ ನೇರ ಹಾಡು ಹಾಕೋದು ಮಾತ್ರ ಯಾವ ಕಾಲಕ್ಕೂ ಬೇಡ. ಇಳಿಸಿ ಇಟ್ಟುಕೊಂಡು ಹಾಕಿ. ವಿಎಲ್‌ಸಿ ಪ್ಲೇಯರ್ ಇದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಕ್ಯಾಶಿಂಗ್ ಅನ್ನೋದನ್ನ 3000 ಮಿಲಿಸೆಕೆಂಡಿಗೆ ಏರಿಸಬಹುದು, ಟಾಕಿ ದೊಡ್ಡದಾದ ಹಾಗೆ. (ವಿಎಲ್‌ಸಿ ಹುಟ್ಟಿದ್ದು 1996ರಲ್ಲಿ, ಪ್ಯಾರಿಸ್ಸಿನ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ. ಕ್ಯಾಂಪಸ್ ನೆಟ್‌ವರ್ಕ್ ಮೇಲೆ ವಿಡಿಯೋ ಹರಿಸೋದು ಅವರ ಉದ್ದೇಶ. ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ಗಳ ಬಗ್ಗೆ ಇಲ್ಲಿ ಏನೂ ಹೇಳೋದಿಲ್ಲ.)

ಈಗ ಯಂತ್ರದ ಒಳಗಿನ ಓಡಾಟಕ್ಕೆ ಬರೋಣ. ಲ್ಯಾಪ್‌ಟಾಪಿನಲ್ಲಿ ಟಿಕ್ ಟಿಕ್ ಅನ್ನೋ ಪ್ರಕರಣಗಳಲ್ಲಿ ಬಹಳಷ್ಟು ಇಲ್ಲೇ ಬಂದು ನಿಲ್ಲುತ್ತವೆ. ಕೀಬೋರ್ಡು, ವೈ-ಫೈ, ಡಿಸ್ಕು, ಗ್ರಾಫಿಕ್ಸ್ ಕಾರ್ಡು, ಇವಕ್ಕೆಲ್ಲ ಏನಾದರೂ ಹೇಳಬೇಕಾದಾಗ ಪ್ರೊಸೆಸರಿಗೆ ಇಂಟರಪ್ಟ್ ಕಳಿಸುತ್ತವೆ. ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು ಅದನ್ನ ನೋಡಬೇಕು. ತುರ್ತಾದ ಒಂದಿಷ್ಟನ್ನು ತಕ್ಷಣ ಮುಗಿಸಿ, ಉಳಿದದ್ದನ್ನು ‘ಸ್ವಲ್ಪ ತಡೆದು ಮಾಡ್ತೀನಿ’ ಅಂತ ಸಾಲಿನಲ್ಲಿ ಇಡುತ್ತದೆ. ವಿಂಡೋಸ್‌ನಲ್ಲಿ ಆ ಸಾಲಿನ ಕೆಲಸಕ್ಕೆ ಡಿಪಿಸಿ ಅಂತಾರೆ, ಡಿಫರ್ಡ್ ಪ್ರೊಸೀಜರ್ ಕಾಲ್. ಡಿಪಿಸಿ ಓಡುತ್ತಿರೋ ಕೋರ್‌ನಲ್ಲಿ ಯಾವ ಮಾಮೂಲಿ ಪ್ರೋಗ್ರಾಮೂ ಓಡೋ ಹಾಗಿಲ್ಲ, ಹಾಡಿನ ಪ್ಲೇಯರ್ ಕೂಡ. ಅದಕ್ಕೇ ಒಂದು ಡಿಪಿಸಿ 100 ಮೈಕ್ರೋಸೆಕೆಂಡಿಗಿಂತ ಹೆಚ್ಚು ಹೊತ್ತು ಓಡಬಾರದು ಅಂತ ಡ್ರೈವರ್ ಬರೆಯೋರಿಗೆ ಮೈಕ್ರೋಸಾಫ್ಟ್ ಹೇಳಿದೆ. ಹೇಳಿದ್ದನ್ನ ಎಲ್ಲರೂ ಕೇಳಬೇಕಲ್ಲ? ಯಾವುದೋ ಒಂದು ವೈ-ಫೈ ಡ್ರೈವರ್ ಒಳಗೆ ಹೊಕ್ಕು ಹತ್ತು ಹದಿನೈದು ಮಿಲಿಸೆಕೆಂಡು ಹೊರಗೆ ಬರೋದೇ ಇಲ್ಲ. ಅಷ್ಟರಲ್ಲಿ ಟಾಕಿ ಖಾಲಿ.

ಇದನ್ನ ಅಳೆಯೋಕೆ ಲೇಟೆನ್ಸಿಮಾನ್ ಅನ್ನೋ ಸಣ್ಣ ಪ್ರೋಗ್ರಾಂ ಇದೆ. ಹಾಕಿಕೊಂಡು, ತಂಬೂರಿ ಹಚ್ಚಿ, ಹದಿನೈದು ನಿಮಿಷ ಓಡೋಕೆ ಬಿಡಿ. ಯಾವ ಡ್ರೈವರ್ ಎಷ್ಟು ಹೊತ್ತು ಪ್ರೊಸೆಸರನ್ನ ಹಿಡಿದುಕೊಂಡಿತ್ತು ಅಂತ ಹೆಸರು ಸಮೇತ ತೋರಿಸುತ್ತದೆ. ಅಲ್ಲಿ ಬರೋ ಹೆಸರುಗಳಿಗೆ ಹೆದರಬೇಡಿ. ಎನ್‌ಡಿಐಎಸ್ ಅಂತ ಬಂದರೆ ನೆಟ್‌ವರ್ಕ್, ಅಂದರೆ ಹೆಚ್ಚಾಗಿ ವೈ-ಫೈ. ಸ್ಟೋರ್‌ಪೋರ್ಟ್ ಅಂತ ಬಂದರೆ ಡಿಸ್ಕು. ಎನ್‌ವಿಯಿಂದ ಶುರುವಾಗೋ ಉದ್ದ ಹೆಸರು ಎನ್‌ವಿಡಿಯಾ ಗ್ರಾಫಿಕ್ಸ್‌ದು. ಎಸಿಪಿಐ ಅಂತ ಬಂದರೆ ಬ್ಯಾಟರಿ, ಪವರ್ ನಿರ್ವಹಣೆ. ಇಲ್ಲೊಂದು ಮಾತು ನೆನಪಿಡಬೇಕು. ಎನ್‌ಡಿಐಎಸ್ ಹೆಸರು ಕಂಡ ಕೂಡಲೇ ಆ ಫೈಲೇ ಕೆಟ್ಟಿದೆ ಅಂತ ಅಲ್ಲ. ಅದು ಮೈಕ್ರೋಸಾಫ್ಟಿನ ಹೊರಚೌಕಟ್ಟು, ಅದರ ಕೆಳಗೆ ಕೂತಿರೋ ಕಾರ್ಡ್ ಕಂಪನಿಯ ಡ್ರೈವರ್ ಮಾಡಿದ ತಡವೂ ಇದರ ಹೆಸರಿಗೇ ಬೀಳಬಹುದು.

ಹೆಸರು ಸಿಕ್ಕಮೇಲೆ ಅದನ್ನ ಖಾತ್ರಿ ಮಾಡಿಕೊಳ್ಳಬೇಕು. ಡಿವೈಸ್ ಮ್ಯಾನೇಜರಿಗೆ ಹೋಗಿ ವೈ-ಫೈ ಅಡಾಪ್ಟರನ್ನ ಡಿಸೇಬಲ್ ಮಾಡಿ ಮತ್ತೆ ತಂಬೂರಿ ಹಚ್ಚಿ. ಟಿಕ್ ನಿಂತರೆ ಕಳ್ಳ ಸಿಕ್ಕ. ನಿಲ್ಲದಿದ್ದರೆ ಅದನ್ನ ವಾಪಸ್ ಆನ್ ಮಾಡಿ ಮುಂದಿನದಕ್ಕೆ ಹೋಗಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದನ್ನೇ ನಮ್ಮವರು ಮಾಡೋದಿಲ್ಲ. ಡ್ರೈವರ್ ಅಪ್‌ಡೇಟ್, ಆ್ಯಂಟಿವೈರಸ್ ತೆಗೆಯೋದು, ರಿಜಿಸ್ಟ್ರಿ ಕ್ಲೀನರ್ ಹಾಕೋದು, ಎಲ್ಲಾ ಒಂದೇ ಸಂಜೆ ಮಾಡಿ, ಸರಿಹೋದರೆ ಯಾವುದರಿಂದ ಸರಿಹೋಯ್ತು ಗೊತ್ತಿಲ್ಲ, ಇನ್ನಷ್ಟು ಕೆಟ್ಟರೆ ಯಾವುದರಿಂದ ಕೆಟ್ಟಿತು ಗೊತ್ತಿಲ್ಲ. ಕೊನೆಗೆ “ಫಾರ್ಮ್ಯಾಟ್ ಹೊಡಿ” ಅನ್ನೋ ತೀರ್ಪು. ಡ್ರೈವರ್ ಹಾಕುವಾಗ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾಡೆಲ್ ಸಂಖ್ಯೆಗೆ ಕೊಟ್ಟಿರೋದನ್ನೇ ಹಾಕಿ. ಎಲ್ಲಾ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ ಹೊಸದು ಮಾಡ್ತೀವಿ ಅನ್ನೋ ಪ್ರೋಗ್ರಾಂಗಳಿಂದ ದೂರ ಇರಿ.

ಪವರ್ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಬ್ಯಾಟರಿ ಉಳಿಸೋದಕ್ಕೆ ಪ್ರೊಸೆಸರ್ ಬಿಡುವು ಸಿಕ್ಕಾಗಲೆಲ್ಲ ನಿದ್ದೆ ಹೋಗುತ್ತದೆ, ಎಚ್ಚರಾಗೋಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಹಾಡಿನಂಥ ಹಗುರ ಕೆಲಸದಲ್ಲಿ ಇದು ಪದೇಪದೇ ಆಗುತ್ತದೆ. ‘ಭಾರೀ ಗೇಮ್ ಆಡುವಾಗ ಸೌಂಡ್ ಸರಿ ಇರ್ತದ, ಬರೀ ಹಾಡು ಹಚ್ಚಿದಾಗ ಕೆಡ್ತದ’ ಅನ್ನೋ ವಿಚಿತ್ರ ದೂರಿಗೆ ಕೆಲವೊಮ್ಮೆ ಇದೇ ಕಾರಣ. ಪವರ್ ಪ್ಲಾನ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಹಾಕಿ ನೋಡಿ. ಯುಎಸ್‌ಬಿ ಸೌಂಡ್ ಕಾರ್ಡ್ ಅಥವಾ ಡಾಂಗಲ್ ಬಳಸೋರು ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನೋದನ್ನ ಬಂದ್ ಮಾಡಿ.

ಇನ್ನೊಂದು ಬಿಸಿಲು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಭಾಗದಲ್ಲಿ 40 ಡಿಗ್ರಿ ಮುಟ್ಟೋದು ಹೊಸದೇನಲ್ಲ. ತಗಡಿನ ಶೀಟಿನ ರೂಮಿನಲ್ಲಿ, ಗಾದಿ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಕೆಳಗಿನ ಗಾಳಿಯ ಕಿಂಡಿ ಮುಚ್ಚಿಹೋಗುತ್ತದೆ. ಪ್ರೊಸೆಸರ್ 95–100 ಡಿಗ್ರಿ ಹತ್ತಿರ ಬಂದಾಗ ತಾನು ಸುಟ್ಟುಹೋಗಬಾರದು ಅಂತ ವೇಗವನ್ನ ಒಮ್ಮೆಲೇ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಸರಿ ಇದ್ದು ಮಧ್ಯಾಹ್ನ ಕೆಡೋದು, ಹಚ್ಚಿದ ಇಪ್ಪತ್ತು ನಿಮಿಷಕ್ಕೆ ಶುರುವಾಗೋದು, ಫ್ಯಾನ್ ಕಿರಿಚೋದು, ಇವು ಅದರ ಗುರುತು. ಎರಡು ಪುಸ್ತಕದ ಮೇಲೆ ಹಿಂಭಾಗ ಎತ್ತಿ ಇಟ್ಟರೆ ಅರ್ಧ ಸಮಸ್ಯೆ ಹೋಗುತ್ತದೆ. ಎರಡು ವರ್ಷದಿಂದ ಒಳಗಿನ ಧೂಳು ತೆಗೆಸಿಲ್ಲ ಅಂದರೆ ಉಳಿದ ಅರ್ಧ ಅಲ್ಲಿದೆ. ರ‍್ಯಾಮ್ 4 ಜಿಬಿ ಇದ್ದು, ಕ್ರೋಮ್‌ನಲ್ಲಿ ಮೂವತ್ತು ಟ್ಯಾಬ್ ತೆಗೆದಿಟ್ಟಿದ್ದರೆ ರ‍್ಯಾಮ್ ಸಾಲದೆ ಡಿಸ್ಕನ್ನ ರ‍್ಯಾಮ್ ಹಾಗೆ ಬಳಸೋಕೆ ಶುರುಮಾಡುತ್ತದೆ. ಆಗ “ರ‍್ಯಾಮ್ ಕಡಿಮಿ ಅದ” ಅಂದ ಗೆಳೆಯನ ಮಾತು ಖರೆ.

ಲಿನಕ್ಸ್ ಬಳಸೋರಿಗೆ ಎರಡೇ ಮಾತು. ಉಬುಂಟು 22.10ರಿಂದ ಸೌಂಡ್ ನೋಡಿಕೊಳ್ಳೋದು ಪೈಪ್‌ವೈರ್. ಟರ್ಮಿನಲ್‌ನಲ್ಲಿ ಪಿಡಬ್ಲ್ಯೂ-ಟಾಪ್ ಅಂತ ಹೊಡೆದರೆ ಇಆರ್‌ಆರ್ ಅನ್ನೋ ಕಾಲಂ ಕಾಣುತ್ತದೆ, ಟಿಕ್ ಬಂದಾಗಲೆಲ್ಲ ಅಲ್ಲಿ ಸಂಖ್ಯೆ ಏರ್ತಿದ್ದರೆ ಅಂಡರ್‌ರನ್ ಖಾತ್ರಿ. ಕ್ವಾಂಟಮ್ ಅನ್ನೋದೇ ಬಫರಿನ ಅಳತೆ. 48,000 ಹರ್ಟ್ಸ್‌ನಲ್ಲಿ 1024 ಅಂದರೆ 21 ಮಿಲಿಸೆಕೆಂಡು, 2048ಕ್ಕೆ ಏರಿಸಿದರೆ 42. ಹಾಡು ಕೇಳೋಕೆ ಆ ತಡ ಏನೂ ಗೊತ್ತಾಗೋದಿಲ್ಲ. ವಿಂಡೋಸ್ ಒಳಗೆ ವರ್ಚುವಲ್‌ಬಾಕ್ಸ್ ಹಾಕಿ ಅದರೊಳಗಿನ ಉಬುಂಟುನಲ್ಲಿ ಹಾಡು ಕೇಳ್ತಾ ‘ಕಟ್ ಆಗ್ತದ’ ಅನ್ನೋರಿಗೆ ಉತ್ತರ ಸರಳ: ಹಾಡು ಹೊರಗೆ ಹಾಕ್ರಿ, ಲ್ಯಾಬ್ ಪ್ರೋಗ್ರಾಂ ಒಳಗೆ ಮಾಡ್ರಿ.

ಬ್ಲೂಟೂತ್ ಕಥೆ ಬೇರೆಯೇ. ವೈರ್ ಇಯರ್‌ಫೋನ್‌ನಲ್ಲಿ ಸರಿ ಇದ್ದು ಬ್ಲೂಟೂತ್‌ನಲ್ಲಿ ಮಾತ್ರ ಕಡಿದರೆ ಮೇಲೆ ಹೇಳಿದ್ದನ್ನೆಲ್ಲ ಬಿಟ್ಟು ಇಲ್ಲಿಗೆ ಬನ್ನಿ. ಬ್ಲೂಟೂತ್ ಮಾತಾಡೋದು 2.4 ಗಿಗಾಹರ್ಟ್ಸ್‌ನಲ್ಲಿ, ಸೆಕೆಂಡಿಗೆ 1600 ಸಲ ಚಾನೆಲ್ ಬದಲಿಸುತ್ತಾ. ಹಳೆಯ ವೈ-ಫೈ ಕೂಡ ಅದೇ ಓಣಿಯಲ್ಲಿ ಓಡಾಡುತ್ತದೆ, ಮೈಕ್ರೋವೇವ್ ಒಲೆ ಕೂಡ. ಹಾಸ್ಟೆಲಿನ ಒಂದು ಮಹಡಿಯಲ್ಲಿ ನಲವತ್ತು ಫೋನ್ ಹಾಟ್‌ಸ್ಪಾಟ್ ಹಚ್ಚಿಕೊಂಡು ಕೂತಾಗ ಬ್ಲೂಟೂತ್ ಜಿಗಿಯೋಕೆ ಖಾಲಿ ಜಾಗವೇ ಸಿಗೋದಿಲ್ಲ. ವೈ-ಫೈಯನ್ನ 5 ಗಿಗಾಹರ್ಟ್ಸ್‌ಗೆ ಬದಲಿಸಿದರೆ ಬಹಳ ಫರಕ್ ಬೀಳುತ್ತದೆ. ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಮತ್ತು ಅದರ ವೈರ್‌ನಿಂದಲೂ ಇದೇ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಹೊರಡುತ್ತದೆ, ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ವಿವರ ಬರೆದಿದೆ. ಬ್ಲೂಟೂತ್ ಡಾಂಗಲ್ಲಿನ ಪಕ್ಕದ ಪೋರ್ಟಿಗೇ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರೆ ಆ ಕಡೆಗೆ ಹಾಕಿ. ನಮ್ಮ ಮೈಯಲ್ಲಿರೋ ನೀರು ಸಹ ಈ ಅಲೆಗಳನ್ನ ಹೀರುತ್ತದೆ, ಫೋನ್ ಹಿಂದಿನ ಜೇಬಿನಲ್ಲಿಟ್ಟು ನಡೆಯುವಾಗ ಕಡಿಯೋದು ಅದಕ್ಕೇ. ಇನ್ನೊಂದು ಬಗೆ: ಹಾಡು ಒಮ್ಮೆಲೇ ಹಳೆಯ ಟೆಲಿಫೋನಿನಿಂದ ಬಂದಂಗೆ ಕೇಳೋದು. ಯಾವುದೋ ಆ್ಯಪ್ ಹೆಡ್‌ಸೆಟ್ಟಿನ ಮೈಕ್ ತೆಗೆದಿದೆ ಅಂತ ಅರ್ಥ. ಮೈಕ್ ಚಾಲೂ ಆದಾಗ ಬ್ಲೂಟೂತ್ ಮಾತಿನ ವಿಧಾನಕ್ಕೆ ಬದಲಾಗಿ ಸೆಕೆಂಡಿಗೆ 8,000 ಅಥವಾ 16,000 ಸ್ಯಾಂಪಲ್ಲಿಗೆ ಇಳಿಯುತ್ತದೆ, ಅದೂ ಮೋನೋ. ಆನ್‌ಲೈನ್ ಕ್ಲಾಸಿನ ಕಿಟಕಿ ಮುಚ್ಚಿ, ಸರಿಹೋಗುತ್ತದೆ.

ಇಲ್ಲಿಯವರೆಗಿನದ್ದು ತಲೆನೋವು ಮಾತ್ರ, ನಷ್ಟವಿಲ್ಲ. ಮುಂದಿನದರಲ್ಲಿ ನಷ್ಟ ಇದೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಓದಿ.

ಹಾಡು ನಿಲ್ಲೋದು ಕೆಲವೊಮ್ಮೆ ಹಾರ್ಡ್ ಡಿಸ್ಕ್ ಸಾಯುತ್ತಿರೋದರ ಮೊದಲ ಲಕ್ಷಣ. 5400 ಸುತ್ತಿನ ಡಿಸ್ಕು ಒಂದು ಸುತ್ತು ಹಾಕೋಕೆ 11 ಮಿಲಿಸೆಕೆಂಡು ಬೇಕು. ಒಂದು ಸೆಕ್ಟರ್ ಸರಿಯಾಗಿ ಓದೋಕೆ ಬರಲಿಲ್ಲ ಅಂದರೆ ಡಿಸ್ಕು ಬಿಡೋದಿಲ್ಲ, ಅದು ಮತ್ತೆ ಕೆಳಗೆ ಬರೋತನಕ ಕಾದು ಮತ್ತೆ ಓದುತ್ತದೆ. ನೂರು ಸಲ ಪ್ರಯತ್ನಿಸಿದರೆ ಒಂದು ಸೆಕೆಂಡಿನ ಮೇಲಾಯ್ತು. ವರ್ಡ್ ಫೈಲ್ ತೆಗೆಯುವಾಗ ಒಂದು ಸೆಕೆಂಡು ತಡ ಆದರೆ ಯಾರಿಗೂ ಗೊತ್ತಾಗೋದಿಲ್ಲ. ಹಾಡು ಮಾತ್ರ ಹೇಳಿಬಿಡುತ್ತದೆ. ಮೇಲೆ ಹೇಳಿದ ‘ಮೊದಲ ಸಲ ನಿಂತು ಎರಡನೇ ಸಲ ಸರಾಗ’ ಅನ್ನೋ ಲಕ್ಷಣ ಕಂಡರೆ, ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100 ಪರ್ಸೆಂಟ್ ತೋರಿಸಿ ವೇಗ ಮಾತ್ರ ಸೊನ್ನೆ ಹತ್ತಿರ ಇದ್ದರೆ, ಲ್ಯಾಪ್‌ಟಾಪಿಗೆ ಕಿವಿ ಹಚ್ಚಿದಾಗ ‘ಕಟ್ ಕಟ್’ ಕೇಳಿದರೆ, ಡ್ರೈವರ್ ಗೀವರ್ ಎಲ್ಲಾ ಬದಿಗಿಡಿ.

ನಮ್ಮಲ್ಲಿ ಬಹಳ ಮಂದಿ ಊರಿಗೆ ಹೋದಾಗ ಅಜ್ಜಿಯ ಬೀಸೋ ಪದ, ಓಣಿಯವರ ಭಜನೆ, ಮೊಹರಂ ಹೊತ್ತಿನ ರಿವಾಯತ್ ಪದ ಫೋನಿನಲ್ಲಿ ಹಿಡಿದುಕೊಂಡು ಬಂದು ಲ್ಯಾಪ್‌ಟಾಪಿಗೆ ಹಾಕಿ ಫೋನಿನಿಂದ ಅಳಿಸಿದ್ದಾರೆ. ಮನೆಯ ಹಳೆಯ ಕ್ಯಾಸೆಟ್ಟುಗಳನ್ನ ಕಂಪ್ಯೂಟರಿಗೆ ಇಳಿಸಿಟ್ಟವರೂ ಇದ್ದಾರೆ. ಸಿನಿಮಾ ಹಾಡು ಹೋದರೆ ಮತ್ತೆ ಇಳಿಸಿಕೊಳ್ಳಬಹುದು. ಇವು ಆ ಡಿಸ್ಕ್ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಆದ್ದರಿಂದ ಡಿಸ್ಕಿನ ಮೇಲೆ ಅನುಮಾನ ಬಂದ ಗಳಿಗೆಯಲ್ಲಿ ಮೊದಲು ಕಾಪಿ, ಆಮೇಲೆ ಪರೀಕ್ಷೆ. ಇದನ್ನ ತಿರುಗಾ ಮುರುಗಾ ಮಾಡೋರೇ ಜಾಸ್ತಿ. ಚೆಕ್‌ಡಿಸ್ಕ್ ಹಾಕಿದರೆ ಅದು ಡಿಸ್ಕಿನ ಮೂಲೆ ಮೂಲೆಯನ್ನೂ ಗಂಟೆಗಟ್ಟಲೆ ಕೆರೆಯುತ್ತದೆ, ಕೊನೆಯುಸಿರಲ್ಲಿರೋ ಡಿಸ್ಕಿಗೆ ಅಷ್ಟು ಕೆಲಸ ಹೇಳಬಾರದು. ಡಿಫ್ರ್ಯಾಗ್, ಫಾರ್ಮ್ಯಾಟ್, ವಿಂಡೋಸ್ ಮತ್ತೆ ಹಾಕೋದು, ಯಾವುದೂ ಬೇಡ. ಮತ್ತೆಲ್ಲೂ ಸಿಗದ ಫೈಲ್‌ಗಳನ್ನ ಮೊದಲು ಹೊರಗೆ ತೆಗೀರಿ, ಉಳಿದದ್ದು ನಿಧಾನಕ್ಕೆ. ಒಂದು ಫೈಲಿನಲ್ಲಿ ಸಿಕ್ಕಿಹಾಕಿಕೊಂಡರೆ ಅದನ್ನ ಬಿಟ್ಟು ಮುಂದಿನದಕ್ಕೆ ಹೋಗಿ. ಸಿಕ್ಕಿಹಾಕಿಕೊಂಡವಕ್ಕೆ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂ ಇದೆ. ಅದು ಸುಲಭವಾಗಿ ಬರೋದನ್ನೆಲ್ಲ ಮೊದಲು ಎತ್ತಿಕೊಂಡು ಕೆಟ್ಟ ಭಾಗಕ್ಕೆ ಕೊನೆಗೆ ಬರುತ್ತದೆ, ನಡುವೆ ನಿಂತರೂ ಎಲ್ಲಿಗೆ ನಿಂತಿತ್ತು ಅಂತ ಬರೆದಿಟ್ಟುಕೊಂಡು ಅಲ್ಲಿಂದಲೇ ಮುಂದುವರಿಯುತ್ತದೆ.

ಕಾಪಿ ಆದಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ ತೆಗೆದು ಡಿಸ್ಕಿನ ಆರೋಗ್ಯ ನೋಡಿ. ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ 05 ಸಂಖ್ಯೆಯ ಸಾಲು ಎಷ್ಟು ಸೆಕ್ಟರ್ ಕೆಟ್ಟು ಬದಲಿ ಕೊಟ್ಟಿದ್ದಾಗಿದೆ ಅಂತ ಹೇಳುತ್ತದೆ. ಸಿ5 ಸಾಲು ಓದೋಕೆ ಬರದೆ ಬಾಕಿ ಉಳಿದವೆಷ್ಟು ಅಂತ ಹೇಳುತ್ತದೆ. ಇವು ಸೊನ್ನೆ ಇದ್ದರೆ ನೆಮ್ಮದಿ. ಸೊನ್ನೆಗಿಂತ ಹೆಚ್ಚಿದ್ದು ವಾರದಿಂದ ವಾರಕ್ಕೆ ಏರ್ತಾ ಇದ್ದರೆ ಹೊಸ ಎಸ್‌ಎಸ್‌ಡಿಗೆ ದುಡ್ಡು ಕೂಡಿಸೋಕೆ ಶುರು ಮಾಡಿ. ಎಸ್‌ಎಸ್‌ಡಿ ಹಾಕಿದಮೇಲೆ ಹಳೆಯ ಲ್ಯಾಪ್‌ಟಾಪಿನ ಹಾಡು ಕಡಿಯೋ ಕಾಯಿಲೆ ಹೋಗಿದ್ದನ್ನ ಹಾಸ್ಟೆಲಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೀನಿ.

ವೇದಿಕೆಯ ಮಾತು ಬಾಕಿ ಇದೆ. ಅಲ್ಲಿ ಹಾಡು ನಿಲ್ಲೋದಕ್ಕೆ ಅರ್ಧ ಕಾರಣಗಳು ಲ್ಯಾಪ್‌ಟಾಪಿನ ಹೊರಗಿರುತ್ತವೆ. ಜಾಕ್ ಸಡಿಲಿದ್ದರೆ ಕುಣಿಯೋರ ಹೆಜ್ಜೆಗೆ ಹಲಗೆ ಅದುರಿದಾಗಲೆಲ್ಲ ‘ಖರ್ ಖರ್’ ಅನ್ನುತ್ತದೆ. ಟಿಕ್ ಬಂದಾಗ ಪಿನ್ನನ್ನ ಬೆರಳಿನಿಂದ ಮೆಲ್ಲಗೆ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಪ್ರೊಜೆಕ್ಟರಿಗೆ ಎಚ್‌ಡಿಎಂಐ ಸಿಕ್ಕಿಸಿದ ಕೂಡಲೇ ವಿಂಡೋಸ್ ಸೌಂಡನ್ನ ಆ ಕಡೆ ಕಳಿಸಬಹುದು, ಆಗ ಹಾಡು ಓಡ್ತಾ ಇರ್ತದೆ, ಸ್ಪೀಕರ್ ಸುಮ್ಮನಿರ್ತದೆ. ಕರೆಂಟ್ ಹೋಗಿ ಜನರೇಟರ್ ಬರೋ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತದೆ, ಬ್ಯಾಟರಿ ಮೇಲಿನ ಸ್ಲೀಪ್ ಸೆಟ್ಟಿಂಗ್ ಬೇರೆ ಇರುತ್ತದೆ ಅನ್ನೋದು ಬಹಳ ಜನಕ್ಕೆ ನೆನಪಿರೋದಿಲ್ಲ. ಎರಡೂ ಕಡೆ ‘ನೆವರ್’ ಹಾಕಿ. ಹಾಡಿನ ಮೊದಲ ಅಕ್ಷರ ನುಂಗಿಹೋಗೋದೂ ಇದೆ. ಸುಮ್ಮನಿದ್ದ ಸೌಂಡ್ ಚಿಪ್ ಅಥವಾ ಬ್ಲೂಟೂತ್ ಸ್ಪೀಕರ್ ನಿದ್ದೆಯಿಂದ ಏಳೋಕೆ ತಗೊಳ್ಳೋ ಹೊತ್ತು ಅದು. ಅಡಾಸಿಟಿಯಲ್ಲಿ ಹಾಡಿನ ಮೊದಲಿಗೆ ಎರಡು ಸೆಕೆಂಡು ಮೌನ ಸೇರಿಸಿಟ್ಟುಕೊಂಡರೆ ಮುಗೀತು.

ಚಾರ್ಜರ್ ಹಾಕಿದಾಗ ಮಾತ್ರ ‘ಗುಂಯ್’ ಅಂತ ಕೇಳೋದು ಹಾಡು ಕಡಿಯೋದಲ್ಲ. ಅದು 50 ಹರ್ಟ್ಸ್ ಕರೆಂಟಿನ ಗುಂಗು, ಲ್ಯಾಪ್‌ಟಾಪು ಮತ್ತು ಆಂಪ್ಲಿಫೈಯರ್ ಎರಡು ಬೇರೆ ಜಾಗದಲ್ಲಿ ಅರ್ತ್ ಆದಾಗ ಬರುತ್ತದೆ. ಎರಡನ್ನೂ ಒಂದೇ ಬೋರ್ಡಿನಿಂದ ಹಾಕಿ, ಇಲ್ಲವೇ ಸೌಂಡ್ ಸಿಸ್ಟಂನವರ ಹತ್ತಿರ ಡಿಐ ಬಾಕ್ಸ್ ಕೇಳಿ. ಪ್ಲಗ್ಗಿನ ಅರ್ತ್ ಪಿನ್ ಮುರಿದು ಹಾಕೋ ‘ದೇಸಿ ಪರಿಹಾರ’ ಮಾತ್ರ ಯಾರು ಹೇಳಿದರೂ ಮಾಡಬೇಡಿ. ಮೈಕ್ ಹಿಡಿದವರ ಜೀವದ ಪ್ರಶ್ನೆ ಅದು.

ಕೊನೆಗೆ ರೆಕಾರ್ಡ್ ಮಾಡೋರಿಗೆ. ಇದೇ ಬಫರಿನ ಕಥೆ ಹಿಂದುಮುಂದಾಗಿ ಅಲ್ಲಿಯೂ ನಡೆಯುತ್ತದೆ. ಸೌಂಡ್ ಚಿಪ್ ತುಂಬಿಸುತ್ತಾ ಹೋಗುತ್ತದೆ, ಪ್ರೊಸೆಸರ್ ಹೊತ್ತಿಗೆ ಬಂದು ಖಾಲಿ ಮಾಡದಿದ್ದರೆ ಟಾಕಿ ತುಂಬಿ ಹೊರಗೆ ಚೆಲ್ಲುತ್ತದೆ. ಕೇಳುವಾಗ ಟಿಕ್ ಬಂದರೆ ಮತ್ತೊಮ್ಮೆ ಕೇಳಬಹುದು. ರೆಕಾರ್ಡ್ ಆಗುವಾಗ ಬಿದ್ದ ಟಿಕ್ ಫೈಲಿನಲ್ಲೇ ಉಳಿಯುತ್ತದೆ. 90 ನಿಮಿಷದ ಒಂದು ಕ್ಯಾಸೆಟ್ಟನ್ನ ಸಿಡಿ ಗುಣಮಟ್ಟದಲ್ಲಿ ಇಳಿಸಿದರೆ ಸುಮಾರು 950 ಎಂಬಿ ಆಗುತ್ತದೆ, ಡಿಸ್ಕಿನಲ್ಲಿ ಜಾಗ ನೋಡಿಕೊಳ್ಳಿ. ವೈ-ಫೈ ಬಂದ್ ಮಾಡಿ, ಚಾರ್ಜರ್ ಹಾಕಿ, ಹೈ ಪರ್ಫಾರ್ಮೆನ್ಸ್ ಇಡಿ, ಬ್ರೌಸರ್ ಮುಚ್ಚಿ. ಅಡಾಸಿಟಿಯ ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ ಡ್ರಾಪ್‌ಔಟ್ ಪತ್ತೆ ಹಚ್ಚೋ ಆಯ್ಕೆ ಇದೆ, ಕಡಿದ ಜಾಗಕ್ಕೆ ಗುರುತು ಹಾಕಿಕೊಡುತ್ತದೆ. ಅಜ್ಜಿಯ ಹತ್ತಿರ ಕೂತು ನೇರ ಹಿಡಿಯೋದಾದರೆ ಲ್ಯಾಪ್‌ಟಾಪಿನ ಜೊತೆ ಫೋನಿನಲ್ಲೂ, ಫ್ಲೈಟ್ ಮೋಡಿಗೆ ಹಾಕಿ, ಹಿಡೀರಿ. ಎರಡನ್ನೂ ಅವತ್ತೇ, ಬಸ್ ಹತ್ತೋ ಮೊದಲೇ, ಇಯರ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿ ನೋಡಿ. ಕಡಿದಿದ್ದರೆ “ಅಜ್ಜಿ, ಆ ಪದ ಇನ್ನೊಮ್ಮೆ ಹಾಡ” ಅಂತ ಕೇಳೋಕೆ ಇನ್ನೂ ಹೊತ್ತಿರ್ತದೆ.